ಬ್ಯಾಗಿಗೆ ಏನೇನು ಹಾಕಲಿ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ದಸರಾ ರಜೆಗೆ ಮಸ್ಕತ್‌ನಿಂದ ಬರುತ್ತಿದ್ದೇವೆ, ಮಕ್ಕಳಿಗೆ ಬಿಡದಿಯ ವಂಡರ್‌ಲಾ ತೋರಿಸಬೇಕು, ಆ ಒಂದು ದಿನಕ್ಕೆ ಸಣ್ಣ ಬ್ಯಾಗು ಸಾಕಲ್ವಾ, ಅದಕ್ಕೆ ಏನೇನು ಹಾಕಲಿ ಎಂದು ಕೇಳಿದ್ದೆ. ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಬೇಸಿಗೆ ರಜೆಯಲ್ಲಿ ನಾವು ಅಲ್ಲಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಅದನ್ನು ಬಿಟ್ಟು ಬರೀ ಪಟ್ಟಿ ಕಳಿಸಲು ಮನಸ್ಸು ಬರಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೊರಡುವ ಬೇರೆಯವರಿಗೂ ಉಪಯೋಗವಾದೀತು ಎಂದು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಹಾಗಾಗಿ ಸುಂಟಿಕೊಪ್ಪದ ಕೊಡೆಯ ವಿಚಾರ ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ.

ಮೊದಲು ದಿನ ಗೊತ್ತುಮಾಡಿಕೋ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡದೆ ನೀನು ಬಿಡುವವನಲ್ಲ, ಮಕ್ಕಳಿಗೂ ತೋರಿಸಲೇಬೇಕು. ಅದೆಲ್ಲ ಮುಗಿಯುವಾಗ ಬೆಳಕು ಹರಿದಿರುತ್ತದೆ. ಮಾರನೇ ದಿನವೇ ಹೊರಡಬೇಡ ಮಾರಾಯ, ಮಕ್ಕಳು ನಿದ್ದೆ ಮಾಡಲಿ. ಆಮೇಲೆ ರಜೆಯ ಜನಜಂಗುಳಿ ಕರಗಿದ ಮೇಲೆ ಶನಿವಾರ ಭಾನುವಾರ ಬಿಟ್ಟು ಒಂದು ದಿನ ನೋಡಿ ಹೋಗು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರು, ಅಲ್ಲಿಂದ ಬಿಡದಿಗೆ ಇನ್ನೂ ನೂರು ಚಿಲ್ಲರೆ. 2023ರಲ್ಲಿ ಹೊಸ ರಸ್ತೆ ಉದ್ಘಾಟನೆಯಾದ ಮೇಲೆ ಮೈಸೂರಿನಿಂದ ಆಚೆ ದಾರಿ ಸಲೀಸು. ನಮ್ಮ ಕಡೆಯ ತಿರುವುಗಳು ಮಾತ್ರ ಹಾಗೇ ಇವೆ. ಕುಶಾಲನಗರ ದಾಟುವವರೆಗೆ ಮಕ್ಕಳ ಹೊಟ್ಟೆ ತುಂಬಿಸಬೇಡ, ವಾಂತಿ ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿಕೊಂಡು ಹೊರಡುವ ಮೊದಲೇ ಕೊಡು. ರಾತ್ರಿ ಮೈಸೂರಿನಲ್ಲಿ ತಂಗಿದರೆ ಒಳ್ಳೆಯದು. ನಾವು ತಂಗಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಬೇಗ ಹೊರಟೆವು. ದೊಡ್ಡ ಬ್ಯಾಗುಗಳೆಲ್ಲ ಡಿಕ್ಕಿಯಲ್ಲೇ ಇರಲಿ, ಹೆಗಲಿಗೆ ಒಂದೇ ಒಂದು.

ಆ ಒಂದರಲ್ಲಿ ಅತಿ ಭಾರ ಯಾವುದು ಗೊತ್ತಾ? ನೀರು. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಮನೆಮಂದಿಗೆಲ್ಲ ಒಂದೊಂದು ತುಂಬಿದ ಬಾಟಲಿ ಹಾಕಿದೆಯೋ, ಅಲ್ಲಿಗೆ ಹಗುರದ ಮಾತು ಮುಗಿಯಿತು. ಬಾಟಲಿ ಕಡಿಮೆ ತಗೋ, ಒಳಗೆ ತುಂಬಿಸಿಕೊಳ್ಳುತ್ತಾ ಇರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ನಿನ್ನ ಅಮ್ಮ ರೊಟ್ಟಿ ಎಳ್ಳುಪಜ್ಜಿ ಕಟ್ಟಿಕೊಡದೆ ಇರುವುದಿಲ್ಲ, ಅದನ್ನು ದಾರಿಯಲ್ಲೇ ತಿಂದು ಮುಗಿಸಿ. ನೀರಾಟಕ್ಕೆ ಕಾಟನ್ ಬಟ್ಟೆ ನಡೆಯುವುದಿಲ್ಲ, ನೈಲಾನೇ ಬೇಕು. ಅಲ್ಲೂ ಮಾರುತ್ತಾರೆ, ಆದರೆ ಮನೆಯಿಂದಲೇ ತಂದರೆ ಮಕ್ಕಳ ಅಳತೆಗೆ ಹುಡುಕುವುದು ತಪ್ಪುತ್ತದೆ. ಟರ್ಕಿ ಟವೆಲ್ ಬೇಡವೇ ಬೇಡ. ನಮ್ಮ ತೆಳು ಬೈರಾಸು ಎರಡು ಮಡಚಿಟ್ಟರೆ ಒಂದು ನೋಟ್‌ಬುಕ್ಕಿನಷ್ಟು ಜಾಗ ಸಾಕು. ಹಿಂಡಿ ಕೊಡವಿದರೆ ಅರ್ಧ ಒಣಗಿತು. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರು, ಟೊಪ್ಪಿ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಓಆರ್‌ಎಸ್ ಪೊಟ್ಟಣ, ದೊಡ್ಡವರ ಮಾತ್ರೆ. ಚಿನ್ನ ಬೆಳ್ಳಿ ಎಲ್ಲ ಮನೆಯಲ್ಲೇ. ಮೊಬೈಲಿಗೆ ನೀರು ಹೋಗದ ಕವರು ತಗೊಂಡರೆ ಮೊದಲು ಅದರೊಳಗೆ ಬರೀ ಒಂದು ಟಿಶ್ಯೂ ಪೇಪರ್ ಇಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡು. ಪೇಪರ್ ಗರಿಗರಿಯಾಗಿ ಹೊರಗೆ ಬಂದರೆ ಮಾತ್ರ ಮೊಬೈಲ್ ಹಾಕು. ಎಷ್ಟೋ ಆಟಗಳಿಗೆ ಎತ್ತರದ ಲೆಕ್ಕ ಇದೆ, ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಬಿಡು, ಸಾಲಿನಲ್ಲಿ ನಿಂತ ಮೇಲೆ ಅಳು ಬೇಡ. ಬೆಳಿಗ್ಗೆ ಒಣ ಆಟ, ಮಧ್ಯಾಹ್ನ ನೀರಾಟ. ನೀರಿಗಿಳಿಯುವಾಗ ಬ್ಯಾಗನ್ನು ಬಾಡಿಗೆಯ ಲಾಕರಿಗೆ ಹಾಕಬಹುದು.

ನೀನು ಕೇಳಿದ್ದು ಇಷ್ಟೇ. ಈಗ ನನ್ನ ಮಾತು.

ಹೊರಡುವ ಹಿಂದಿನ ಸಂಜೆ ಹೆಗಲಿಗೆ ಹಾಕುವ ಸಣ್ಣ ಬ್ಯಾಗು ಹುಡುಕಿದರೆ ಮನೆಯಲ್ಲಿ ಇದ್ದದ್ದು ಒಂದೇ, ಬಾಗಿಲ ಹಿಂದಿನ ಗೂಟದಲ್ಲಿ ನೇತುಹಾಕಿದ್ದು. ನಾವು ಅದನ್ನು ಮಳೆಬ್ಯಾಗು ಅನ್ನುತ್ತೇವೆ, ಜೋರು ಮಳೆಯಲ್ಲಿ ಇದ್ದಕ್ಕಿದ್ದಂತೆ ಮನೆ ಬಿಡಬೇಕಾದರೆ ಎತ್ತಿಕೊಂಡು ಹೊರಡಲು ಕಟ್ಟಿಟ್ಟದ್ದು. ಕೊಡಗಿನಲ್ಲಿ ಈಗ ಎಷ್ಟು ಮನೆಯಲ್ಲಿ ಇಂಥದ್ದೊಂದು ಇದೆಯೋ, ನಮ್ಮ ಸುತ್ತಲಿನ ಮನೆಗಳಲ್ಲಂತೂ ನೋಡಿದ್ದೇನೆ. ಜಿಪ್ ತೆಗೆದು ಮಂಚದ ಮೇಲೆ ಸುರಿದೆ. ಪಹಣಿಯ ನಕಲು, ಆಧಾರ್ ಕಾರ್ಡುಗಳು, ಪಾಸ್‌ಬುಕ್, ಅಮ್ಮನ ಬಿಪಿ ಮಾತ್ರೆ, ಟಾರ್ಚು, ಬೇರೆಯಾಗಿ ಕಟ್ಟಿಟ್ಟ ಸೆಲ್ಲು, ಒಂದು ಸ್ವೆಟರು, ಗ್ಲೂಕೋಸ್ ಬಿಸ್ಕೆಟು, ಒಂದು ಸೀಟಿ. ಬೆಂಕಿಪೊಟ್ಟಣವನ್ನು ತೊಳೆದು ಒಣಗಿಸಿದ ಹಾಲಿನ ಕವರಿನಲ್ಲಿ ಸುತ್ತಿ ಮೇಲೆ ರಬ್ಬರ್ ಬ್ಯಾಂಡು ಹಾಕಿದ್ದೆ. ಬಿಸಿಲಿಗೆ ಆ ರಬ್ಬರು ಕರಗಿ ಕವರಿಗೆ ಅಂಟಿಕೊಂಡಿತ್ತು. ಏಪ್ರಿಲ್ ತಿಂಗಳು, ಕಾಫಿ ಹೂವರಳಿಸುವ ಹೂಮಳೆ ಬಿದ್ದುಹೋಗಿ ಹೊರಗೆ ಧಗಧಗ ಸೆಕೆ, ಆದರೂ ಬ್ಯಾಗು ಗೂಟದಲ್ಲೇ ಇತ್ತು.

ಮಗಳು ಮಂಚದ ಮೇಲೆ ಹತ್ತಿ ಕೂತು ಒಂದೊಂದಾಗಿ ಎತ್ತಿಡತೊಡಗಿದಳು. "ಟಾರ್ಚ್ ಅಪ್ಪಂದು. ಮಾತ್ರೆ ಅಜ್ಜಿದು. ಪೇಪರ್ ಅಮ್ಮಂದು. ಸೀಟಿ ನಂದು." ನಾನು ಅವಳಿಗೆ ಇದನ್ನು ಯಾವತ್ತೂ ಹೇಳಿಕೊಟ್ಟಿಲ್ಲ. ನಾವು ದೊಡ್ಡವರು ಮಾತಾಡಿಕೊಂಡದ್ದನ್ನು ಕೇಳಿಯೇ ಕಲಿತಿರಬೇಕು. ಅವಳು ಹುಟ್ಟಿದ್ದು 2019ರಲ್ಲಿ. ಅದರ ಹಿಂದಿನ ಆಗಸ್ಟನ್ನು ಅವಳು ನೋಡಿಯೇ ಇಲ್ಲ. ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಕೇಳಿದಳು: "ಅಪ್ಪಾ, ಅಲ್ಲಿ ಗುಡ್ಡ ಇದೆಯಾ?"

ಏನು ಹೇಳಲಿ? ರಾಮನಗರದ ಹತ್ತಿರ ಬಂಡೆಗಳಿವೆ, ಅವು ಕಲ್ಲು, ಏನೂ ಆಗುವುದಿಲ್ಲ, ಆಟದ ಜಾಗದಿಂದ ದೂರ ಇವೆ ಎಂದೆ. ಹಾಗಾದರೆ ಸರಿ ಎಂದು ಇಳಿದು ಓಡಿದಳು. ಅವಳಿಗೆ ಅದು ಅಷ್ಟೇ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ನೀನೂ ಅಡಿಕೆ ಹಾಳೆಯ ಮೇಲೆ ಕೂತು ಅದೇ ಗುಡ್ಡದ ಮೇಲಿಂದ ಕೆಳಗಿನ ತೋಡಿನವರೆಗೆ (ಸಣ್ಣ ಹಳ್ಳ) ಜಾರಿಕೊಂಡು ಬರುತ್ತಿದ್ದೆವು. ಚಡ್ಡಿ ಹರಿದದ್ದಕ್ಕೆ ಬೈಗಳು ತಿಂದದ್ದು ನೆನಪಿದೆ. ಗುಡ್ಡಕ್ಕೆ ಹೆದರಿದ್ದು ನೆನಪಿಲ್ಲ. ಅವಳು ಆಡಲು ಹೋಗುವ ಊರಿನ ಬಗ್ಗೆ ಮೊದಲು ಕೇಳಿದ ಪ್ರಶ್ನೆಯೇ ಗುಡ್ಡದ್ದು.

2018ರ ಆಗಸ್ಟಿನ ಭೂಕುಸಿತದ ಬಗ್ಗೆ ನಿನಗೆ ನಾನು ಸರಿಯಾಗಿ ಹೇಳಿಯೇ ಇಲ್ಲ. ಆಗ ಸಿಗ್ನಲ್ ಇರಲಿಲ್ಲ, ಸಿಕ್ಕಿದ ಮೇಲೆ ಎಲ್ಲರೂ ಕ್ಷೇಮ ಎಂದಷ್ಟೇ ಹೇಳಿದೆ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂದು ನೀನು ಟಿವಿಯಲ್ಲಿ ಕೇಳಿದ್ದೆ. ಈಗ ಬಿಡದಿಯ ಮುಂದೆ ನುಣುಪಾಗಿ ಹಾದುಹೋಗುವ 275ನೇ ನಂಬರಿನ ಹೆದ್ದಾರಿಯೇ ನಮ್ಮ ಊರನ್ನೂ ದಾಟಿ ಘಾಟಿ ಇಳಿಯುವುದು. ಆ ವರ್ಷ ಮಡಿಕೇರಿಯಿಂದ ಕೆಳಗೆ ಅದು ಎಷ್ಟು ಕಡೆ ಮಣ್ಣಿನ ಜೊತೆ ಹೋಯಿತೆಂದರೆ ಸಂಪಾಜೆ ಕಡೆಗೆ ವಾಹನಗಳೇ ಓಡಲಿಲ್ಲ. ನಮ್ಮ ಮನೆ ನಿಂತಿತು, ಮನೆಯ ಹಿಂದಿನ ತೋಟ ಹೋಯಿತು. ಕಾಫಿ, ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕು ಎಲ್ಲ ನಿಂತ ಹಾಗೇ ಕೆಳಗೆ ಜಾರಿ ತೋಡಿಗೆ ಬಿದ್ದವು. ಕತ್ತಲಲ್ಲಿ ಹೊರಟೆವು. ರಸ್ತೆಗೆ ಬಂದು ನೋಡಿದರೆ ಅಮ್ಮನ ಕೈಯಲ್ಲಿ ಒಂದು ಶೀಶೆ ಕಾಚಂಪುಳಿ, ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ. ಒಡವೆ ಬಿಟ್ಟಿದ್ದರು, ಕನ್ನಡಕ ಬಿಟ್ಟಿದ್ದರು, ಮಾತ್ರೆ ಬಿಟ್ಟಿದ್ದರು. ಹಣ್ಣು ಹೆಕ್ಕಿ, ಬುಟ್ಟಿಯಲ್ಲಿ ರಾಶಿ ಹಾಕಿ ರಸ ಇಳಿಸಿ, ಕಪ್ಪಗಾಗುವವರೆಗೆ ಕಾಯಿಸಿ ಆಗಷ್ಟೇ ಶೀಶೆ ತುಂಬಿದ್ದರು, ಕೈಗೆ ಅದೇ ಸಿಕ್ಕಿತು. ಪರಿಹಾರ ಕೇಂದ್ರದಲ್ಲಿ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು. ಮಾತ್ರೆ ಇಲ್ಲದೆ ಅವರ ಬಿಪಿ ಏರಿದ್ದನ್ನು ನೋಡಿದ ಮೇಲೆಯೇ ನಾನು ಮಳೆಬ್ಯಾಗು ಕಟ್ಟಿದ್ದು.

ಅದಾದ ಮೇಲೆ ಗುಡ್ಡ ಕುಸಿದದ್ದು 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿಯಲ್ಲಿ. 2024ರ ಜುಲೈ 30ರಂದು ಪಕ್ಕದ ವಯನಾಡು. ಪ್ರತಿ ಸಲವೂ ಬ್ಯಾಗಿಗೆ ಏನಾದರೂ ಒಂದು ಸೇರುತ್ತಾ ಬಂತು. ಜೋರು ಮಳೆಯ ರಾತ್ರಿ ನಾನು ಎದ್ದು ತೋಡಿನ ಸದ್ದು ಕೇಳುತ್ತೇನೆ. ಸದ್ದು ಇದ್ದಕ್ಕಿದ್ದಂತೆ ಜೋರಾದರೂ ಹೆದರಿಕೆಯೇ. ಮಳೆ ಸುರಿಯುತ್ತಿರುವಾಗಲೇ ತೋಡು ಇದ್ದಕ್ಕಿದ್ದಂತೆ ಸಣ್ಣಗಾದರೆ ಮೇಲೆಲ್ಲೋ ಮಣ್ಣು ಕುಸಿದು ನೀರು ಕಟ್ಟಿಕೊಂಡಿದೆ ಎಂದು ಲೆಕ್ಕ. ಬೆಳಿಗ್ಗೆ ಹೋಗಿ ನೆಲದಲ್ಲಿ ಬಿರುಕು ಬಿಟ್ಟಿದೆಯಾ, ಮರ ವಾಲಿದೆಯಾ ನೋಡುತ್ತೇನೆ. ಇದೆಲ್ಲ ಬೇಕಾದ ಎಚ್ಚರಿಕೆಯೇ, ಬಿಡು ಎಂದು ಯಾರೂ ಹೇಳಬಾರದು. ಆದರೆ ಈ ಎಚ್ಚರಿಕೆ ಒಂದು ಮಗುವಿನ ಆಟದೊಳಗೆ ಹೋಗಿ ಕೂತಿದೆಯಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ.

ವಂಡರ್‌ಲಾದಲ್ಲೂ ನನಗೆ ಅದೇ ಆಯಿತು. ಅಲೆಯ ಕೊಳದಲ್ಲಿ ಮೊದಲ ಅಲೆ ಎದ್ದಾಗ ಜನರೆಲ್ಲ ಖುಷಿಗೆ ಕಿರುಚಿದರು. ನನ್ನ ಕೈ ತಾನಾಗಿ ಮಗಳ ಮುಂಗೈಯನ್ನು ಬಿಗಿಯಾಗಿ ಹಿಡಿದುಬಿಟ್ಟಿತು. "ಅಪ್ಪಾ, ನೋಯ್ತಿದೆ" ಎಂದಳು. ಬಿಟ್ಟೆ. ಅವಳು ಅಲೆಗೆ ಎದೆಯೊಡ್ಡಿ ನಕ್ಕಳು, ಇನ್ನೊಂದು ಬರಲಿ ಎಂದು ಕಾದು ನಿಂತಳು. ಅವಳ ನಗು ನೋಡಿದ ಮೇಲೆ ನನ್ನ ಉಸಿರು ತಹಬಂದಿಗೆ ಬಂತು. ನೀರು ಅವಳಿಗೆ ಇನ್ನೂ ಆಟವಾಗಿಯೇ ಉಳಿದಿದೆ ಎಂದು ನೋಡಲು ಅಷ್ಟು ದೂರ ಹೋದದ್ದು ಸಾರ್ಥಕ ಅನಿಸಿತು.

ಇನ್ನೊಂದನ್ನೂ ಹೇಳುತ್ತೇನೆ, ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಹುಣಸೂರಿನಲ್ಲಿ ಒಂದು ಸೈಟು ನೋಡಿ ಬಂದಿದ್ದೇನೆ. ಸಮತಟ್ಟು ಜಾಗ, ಸುತ್ತ ಎಲ್ಲಿ ನೋಡಿದರೂ ಏರು ಇಲ್ಲ. ಅಲ್ಲಿ ನಿಂತಾಗ ಮೈ ಹಗುರವಾಯಿತು. ಮನೆಗೆ ಬಂದು ಅಮ್ಮ ಹೊಸದಾಗಿ ನೆಟ್ಟ ಕಾಫಿ ಗಿಡಗಳಿಗೆ ನೆರಳು ಕಟ್ಟುತ್ತಿದ್ದುದನ್ನು ನೋಡಿ ಬಾಯಿಯೇ ಬರಲಿಲ್ಲ. ಬಿಟ್ಟು ಹೋಗಬೇಕೆಂದೇನೂ ತೀರ್ಮಾನ ಮಾಡಿಲ್ಲ, ಉಳಿಯಬೇಕೆಂದೂ ಇಲ್ಲ. ನೀನು ಬಂದಾಗ ತೋಡಿನ ಪಕ್ಕ ಕೂತು ಮಾತಾಡಬೇಕೆಂದು ಇಟ್ಟುಕೊಂಡಿದ್ದ ಮಾತು, ಇಲ್ಲೇ ಬರೆದುಬಿಟ್ಟೆ. ಊರಿನವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಅಮ್ಮನ ಕಿವಿಗೆ ಹಾಕಬೇಡಿ, ನಾನೇ ಹೇಳುತ್ತೇನೆ.

ಸರಿ, ಬ್ಯಾಗಿಗೆ ಬರೋಣ. ಆಟಕ್ಕೆ ಹೋಗುವ ಬ್ಯಾಗು ಈಗ ನಮ್ಮ ಮನೆಯಲ್ಲಿ ಬೇರೆಯೇ ಇದೆ, ಮಗಳೇ ಆರಿಸಿದ್ದು, ಕೆಂಪು ಬಣ್ಣ. ಮಳೆಬ್ಯಾಗಿನ ತೂಕವನ್ನೂ ಇಳಿಸಿದೆ. ಆಧಾರ್, ಡ್ರೈವಿಂಗ್ ಲೈಸೆನ್ಸ್ ಎಲ್ಲ ಡಿಜಿಲಾಕರ್‌ನಲ್ಲಿವೆ. ಪಹಣಿ ಭೂಮಿ ವೆಬ್‌ಸೈಟಿನಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ, ಆ ಕಾಗದದ ಕಟ್ಟಿಗಾಗಿ ಯಾರೂ ಕತ್ತಲಲ್ಲಿ ಒಳಗೆ ಓಡಬೇಕಾಗಿಲ್ಲ. ಅಕ್ಟೋಬರಿನ ಕಾವೇರಿ ತೀರ್ಥೋದ್ಭವ ಕಳೆದು ಮಳೆ ಪೂರಾ ಬಿಟ್ಟ ಮೇಲೆ ಮಳೆಬ್ಯಾಗು ಅಟ್ಟ ಸೇರುತ್ತದೆ, ಮೇ ಕೊನೆಗೆ ಮತ್ತೆ ಇಳಿಯುತ್ತದೆ. ಮಗಳಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ, ನಡೆಸುತ್ತೇನೆ. ನಿನ್ನ ಮಕ್ಕಳು ನಮ್ಮಲ್ಲಿಗೆ ಬಂದಾಗ ಆ ಗೂಟ ಖಾಲಿ ಇರಬೇಕೆಂದು ನನಗೆ ಆಸೆ.

ಅಮ್ಮನ ಕಥೆ ಹೇಳಲು ಮರೆತಿದ್ದೆ, ನಿನಗೆ ಇಷ್ಟವಾಗುತ್ತದೆ. ಅಲ್ಲಿ ರೇನ್ ಡ್ಯಾನ್ಸ್ ಅಂತ ಇದೆ. ಹಾಡು ಹಾಕಿ ಮೇಲಿನಿಂದ ನೀರು ಸುರಿಸುತ್ತಾರೆ, ಜನ ಕುಣಿಯುತ್ತಾರೆ. ಅಮ್ಮ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಮಳೆಗಾಲ ಪೂರ್ತಿ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟು ಎಂದು ಕ್ಯಾಲೆಂಡರಿನಲ್ಲಿ ಬರೆದಿಡುವವರಲ್ವಾ. ಕೊನೆಗೆ ನನ್ನ ಕಡೆ ತಿರುಗಿ, "ಇದು ಗಂಟೆಗೆ ಎರಡು ಇಂಚಿಗೆ ಮೋಸ ಇಲ್ಲ" ಎಂದರು. ಮಗಳು ಬಂದು ಕೈ ಹಿಡಿದು ಎಳೆದಳು. ಹೋದರು. ಸೀರೆಯ ಅಂಚು ನೆನೆದರೂ ಪರವಾಗಿಲ್ಲ ಎಂದು ಇಬ್ಬರೂ ಅಂಚಿನಲ್ಲೇ ಕುಣಿದರು. ಆ ಫೋಟೋ ನಿನಗೆ ಬೇರೆ ಕಳಿಸುತ್ತೇನೆ, ಇಲ್ಲಿ ಹಾಕಿದರೆ ಅಮ್ಮ ಬಿಡುವುದಿಲ್ಲ.

ಹೊರಡುವ ಮೊದಲು ಫಾಸ್ಟ್ಯಾಗಿಗೆ ದುಡ್ಡು ಹಾಕಿಸಿಕೋ, ಮೈಸೂರಿನಿಂದ ಆಚೆ ಟೋಲ್ ಇದೆ. ನಿನಗೆಂದು ಈ ವರ್ಷದ ಕಾಚಂಪುಳಿ ಒಂದು ಶೀಶೆ ಅಮ್ಮ ತೆಗೆದಿಟ್ಟಿದ್ದಾರೆ. ವಾಪಸ್ ಹೋಗುವಾಗ ಅದನ್ನು ಕೈಚೀಲಕ್ಕೆ ಹಾಕಬೇಡ, 100 ಮಿಲಿ ದಾಟಿದ ದ್ರವವನ್ನು ವಿಮಾನ ನಿಲ್ದಾಣದಲ್ಲಿ ತೆಗೆದುಬಿಡುತ್ತಾರೆ. ಎರಡು ಕವರು ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡು.

ಇಂತಿ ನಿನ್ನ,
ಗೆಳೆಯ