ಅವ್ವ, ಆ ತೋಟದಲ್ಲಿ ಅವಸರ ಬೇಡ

ಒಕಾಯಾಮಾ, ಜಪಾನ್
ನವೆಂಬರ್ ತಿಂಗಳ ಕೊನೆಯ ಭಾನುವಾರ

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅವ್ವನಿಗೂ ನಿಮ್ಮ ಕಿರಿಯ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಚಳಿ ಶುರುವಾಗಿದೆ. ಅವ್ವ ಹೊಲಿದುಕೊಟ್ಟ ಕೌದಿಯನ್ನು ಹೊರತೆಗೆದಿದ್ದೇನೆ.

ಡಿಸೆಂಬರಿನಲ್ಲಿ ನೀವಿಬ್ಬರೂ ಪುಣೆಗೆ ಹೋಗುವುದು ಗಟ್ಟಿಯಾಯಿತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸಂಗೀತೋತ್ಸವವನ್ನು ಒಮ್ಮೆಯಾದರೂ ಎದುರಿಗೆ ಕುಳಿತು ಕೇಳಬೇಕು ಎಂದು ಅಪ್ಪ ಎಷ್ಟು ವರ್ಷಗಳಿಂದ ಹೇಳುತ್ತಿದ್ದರು! ವಂದೇ ಭಾರತ್ ರೈಲು ವಾರದಲ್ಲಿ ಮೂರು ದಿನ ಮಾತ್ರ ಇರುವುದರಿಂದ ಟಿಕೆಟನ್ನು ಈಗಲೇ ಮಾಡಿಸಿಬಿಡಿ. ಬೆಳಗ್ಗೆ ಧಾರವಾಡದಲ್ಲಿ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಪುಣೆಯಲ್ಲಿ ಇಳಿಯಬಹುದು.

ಉತ್ಸವ ಮುಗಿದ ಮರುದಿನಕ್ಕೆ ಅಕ್ಕ ಹಾಕಿರುವ ಪಟ್ಟಿಯನ್ನು ನನಗೂ ಕಳಿಸಿದ್ದಾಳೆ. ಶನಿವಾರವಾಡಾ, ದಗಡೂಶೇಠ್ ಗಣಪತಿ, ಪರ್ವತಿ ಗುಡ್ಡ, ಸಂಜೆಗೆ ಸಿಂಹಗಡ. ಇವುಗಳ ನಡುವೆ ಅರ್ಧ ಗಂಟೆ ‘ಒಕಾಯಾಮಾ ತೋಟ’. ಆ ಅರ್ಧ ಗಂಟೆಯ ಸಲುವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ಅದಕ್ಕೊಂದು ಪೂರ್ತಿ ಬೆಳಗು ಕೊಡಿ. ಬೇಕಾದರೆ ಉಳಿದವನ್ನು ಬಿಟ್ಟುಬಿಡಿ.

ಅವ್ವ, ವಿಮಾನ ಹತ್ತಲು ನೀನು ಒಪ್ಪುತ್ತಿಲ್ಲ. ನಿನ್ನ ಮೊಣಕಾಲು ನೋವು ಗೊತ್ತಿದ್ದೂ ಒತ್ತಾಯ ಮಾಡಲು ನನಗೆ ಮನಸ್ಸಿಲ್ಲ. ಆದರೆ ನಾನು ಪ್ರತಿ ಭಾನುವಾರ ಎಲ್ಲಿ ತಿರುಗಾಡುತ್ತೇನೆ, ಎಂಥ ನೀರಿನ ಪಕ್ಕ ಕೂರುತ್ತೇನೆ ಎಂಬುದನ್ನು ನೀನು ಕಣ್ಣಾರೆ ನೋಡಬೇಕೆಂಬ ಆಸೆ ನನಗಿದೆ. ಅದಕ್ಕೆ ಜಪಾನಿಗೆ ಬರಬೇಕಾಗಿಲ್ಲ, ಪುಣೆಯ ಸಿಂಹಗಡ ರಸ್ತೆಗೆ ಹೋದರೆ ಸಾಕು. ಹತ್ತು ಎಕರೆಯ ಆ ಪುಣೆ-ಒಕಾಯಾಮಾ ಸ್ನೇಹ ಉದ್ಯಾನಕ್ಕೆ ಮಾದರಿಯಾದದ್ದು ಇಲ್ಲಿಯ ಕೋರಾಕುಎನ್ ತೋಟ. ಪುಣೆಯಲ್ಲಿ ರಿಕ್ಷಾದವರಿಗೆ ‘ಪು.ಲ. ದೇಶಪಾಂಡೆ ಉದ್ಯಾನ’ ಎಂದರೆ ಬೇಗ ತಿಳಿಯುತ್ತದೆ. ಅಪ್ಪ, ಮರಾಠಿ ಸಾಹಿತಿ ಪು.ಲ. ಅವರು ಕೆಲವು ಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. ನಮ್ಮ ಕಡೆಯ ನೀರು ಕುಡಿದವರ ಹೆಸರು ಆ ತೋಟಕ್ಕಿರುವುದು ನಿಮಗೆ ಹಿತವೆನಿಸಬಹುದು.

ಜಪಾನಿ ಭಾಷೆ ಕಲಿಯಲೆಂದು ಪುಣೆಯಲ್ಲಿ ಅಕ್ಕನ ಮನೆಯಲ್ಲಿದ್ದ ಎರಡು ವರ್ಷ ನಾನು ಪರೀಕ್ಷೆಗೆ ಓದಿದ್ದು ಹೆಚ್ಚಾಗಿ ಆ ತೋಟದಲ್ಲಿಯೇ. ಅಕ್ಷರಗಳ ಅರ್ಥವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, “ಯಾವ ಊರವ್ವಾ ನಿನ್ನದು?” ಎಂದು ಕೇಳಿದರು. ಅವರು ವಿಜಯಪುರದವರು, ಮಗನ ಮನೆಯಲ್ಲಿ ಇರುತ್ತಾರೆ. ಅಂದಿನಿಂದ ನಾನು ಬಾಯಿಪಾಠ ಒಪ್ಪಿಸುವುದು, ಅವರು ಏನೂ ಅರ್ಥವಾಗದಿದ್ದರೂ ತಲೆ ಆಡಿಸುವುದು ನಮ್ಮ ಬೆಳಗಿನ ರೂಢಿಯಾಯಿತು. ಈಗಲೂ ಅವರು ವಾಯುವಿಹಾರಕ್ಕೆ ಅಲ್ಲಿಗೇ ಬರುತ್ತಾರಂತೆ. ಸಿಕ್ಕರೆ ನನ್ನ ನಮಸ್ಕಾರ ತಿಳಿಸು. ನೀವಿಬ್ಬರೂ ಕುಳಿತರೆ ಮಾತಿಗೆ ಕೊರತೆಯಾಗದು.

ಇಲ್ಲಿಗೆ ಬಂದ ಮೊದಲ ವಾರವೇ ನಾನು ಕೋರಾಕುಎನ್‌ಗೆ ಹೋದೆ. ಅಸಾಹಿ ನದಿಯ ಒಂದು ದಡದಲ್ಲಿ ಕಪ್ಪು ಗೋಡೆಯ ಕೋಟೆ, ಎದುರಿಗೆ ಈ ತೋಟ. ಜೊತೆಗಿದ್ದವರೆಲ್ಲ ಕೋಟೆಯ ಫೋಟೊ ತೆಗೆಯುತ್ತಿದ್ದರು. ನನ್ನ ಕಣ್ಣು ಹೋದದ್ದು ಕೊಳದ ಕಡೆಗೆ, ಹುಲ್ಲಿನ ನಡುವೆ ಬಳುಕಿ ಹರಿಯುವ ಕಿರುಗಾಲುವೆಯ ಕಡೆಗೆ. ಇದು ಮೂಲ, ಪುಣೆಯದು ಇದರ ಮಗು, ನಿಜ. ಆದರೆ ನಾನು ಮಗುವನ್ನು ಮೊದಲು ಎತ್ತಾಡಿಸಿ ತಾಯಿಯನ್ನು ಆಮೇಲೆ ಕಂಡವಳು. ಆ ನೀರನ್ನು ನೋಡಿದ ಕೂಡಲೇ ವಿಜಯಪುರದ ಅಜ್ಜಿ, ಅಕ್ಕ ಕಟ್ಟಿಕೊಡುತ್ತಿದ್ದ ಡಬ್ಬಿ, ಪರ್ವತಿ ಗುಡ್ಡ ಎಲ್ಲವೂ ಒಟ್ಟಿಗೆ ನೆನಪಾಗಿ ಕಣ್ಣು ತುಂಬಿ ಬಂತು. ಪರದೇಶದಲ್ಲಿ ನನಗೆ ಗುರುತಿನ ಮುಖವೆಂದು ಮೊದಲು ಸಿಕ್ಕದ್ದು ಆ ತೋಟವೇ.

ಅಪ್ಪ, ನಿಮಗಾಗಿಯೇ ಒಂದು ಸಂಗತಿ ಬರೆಯುತ್ತೇನೆ. ಇಕೆದಾ ತ್ಸುನಾಮಾಸಾ ಎಂಬ ಇಲ್ಲಿಯ ಪಾಳೆಯಗಾರ ಈ ತೋಟದ ಕೆಲಸ ಆರಂಭಿಸಿದ್ದು 1687ರಲ್ಲಿ, ಅದು ಮುಗಿದದ್ದು 1700ರಲ್ಲಿ. ದೊರೆಯ ವಿಹಾರಕ್ಕೆ ಮಾಡಿದ ತೋಟವಾದರೂ ಇದರೊಳಗೆ ಭತ್ತದ ಗದ್ದೆಯ ಮಡಿಗಳಿವೆ, ಚಹಾ ಗಿಡಗಳ ಸಾಲುಗಳಿವೆ. ಜೂನ್ ತಿಂಗಳಲ್ಲಿ ಹಾಡು ಹೇಳುತ್ತ ನಾಟಿ ಮಾಡುತ್ತಾರೆ. ಅಗಿಯನ್ನು ಕೆಸರಿಗೆ ಊರುವ ಆ ಕೈಗಳನ್ನು ನೋಡುತ್ತಿದ್ದರೆ ನಮ್ಮ ಗದ್ದೆಯ ಬದುವಿನ ಮೇಲೆ ನಿಂತಂತೆ ಅನಿಸಿತು. 1934ರ ನೆರೆಯಲ್ಲೂ 1945ರ ಬಾಂಬ್ ದಾಳಿಯಲ್ಲೂ ಈ ತೋಟ ಬಹಳ ಹಾಳಾಗಿತ್ತು. ಹಳೆಯ ಕಾಲದ ಚಿತ್ರಪಟಗಳನ್ನು ಎದುರಿಗಿಟ್ಟುಕೊಂಡು ಮತ್ತೆ ಮೊದಲಿನಂತೆ ಕಟ್ಟಿದರು. ಹೆಸರಿನ ಅರ್ಥವೂ ನಿಮಗೆ ಹಿಡಿಸುತ್ತದೆ: ಜಗತ್ತು ಸುಖಪಟ್ಟ ಮೇಲೆ ತಾನು ಸುಖಪಡಬೇಕು ಎಂಬ ಹಳೆಯ ಚೀನೀ ಮಾತಿನಿಂದ ಬಂದದ್ದಂತೆ.

ಇನ್ನು ಪುಣೆಯ ತೋಟವನ್ನು ನೋಡುವ ಬಗೆ. ಇಂಥ ತೋಟವನ್ನು ಒಂದು ಕಡೆ ನಿಂತು ನೋಡಿ ಮುಗಿಸುವಂತಿಲ್ಲ, ನಡೆಯುತ್ತ ನೋಡಬೇಕು. ದಾರಿ ಸುಮ್ಮನೆ ತಿರುಗಿದಂತೆ ಕಂಡರೂ ಪ್ರತಿ ತಿರುವಿನಲ್ಲಿ ನೋಟ ಬದಲಾಗುತ್ತದೆ. ಹಾಸುಗಲ್ಲು ಏರುಪೇರಾಗಿರುವಲ್ಲಿ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ, ಕಲ್ಲು ಮುಗಿದಲ್ಲಿ ತಲೆ ಎತ್ತಿದರೆ ಎದುರಿಗೆ ನೀರು. ಹೊರಗಿನ ಬೆಟ್ಟವನ್ನೋ ಕೋಟೆಯನ್ನೋ ತೋಟದೊಳಗಿನ ಚಿತ್ರಕ್ಕೆ ಸೇರಿಸಿಕೊಳ್ಳುವುದು ಜಪಾನಿ ತೋಟಗಾರರ ಹಳೆಯ ಪದ್ಧತಿ. ಇಲ್ಲಿ ಕಪ್ಪು ಕೋಟೆ ಹಾಗೆ ಒಳಗೆ ಬರುತ್ತದೆ, ಅಲ್ಲಿ ಪರ್ವತಿ ಗುಡ್ಡ. ಅವ್ವ, ಗುಡ್ಡದ ಮೆಟ್ಟಿಲು ಹತ್ತುವ ಸಾಹಸ ಬೇಡ. ತೋಟದಿಂದಲೇ ಕೈಮುಗಿ.

ಬೆಳಗ್ಗೆ ತೆರೆಯುವ ಹೊತ್ತಿಗೇ ಹೋಗಿ. ಬಿಸಿಲೇರಿದ ಮೇಲೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತಾರೆ. ಈಗಿನ ವೇಳೆಯನ್ನು ಅಕ್ಕ ಮೊದಲೇ ವಿಚಾರಿಸಿಟ್ಟಿರಲಿ. ಉತ್ಸವದ ಮರುದಿನ ಸೋಮವಾರವಾದ್ದರಿಂದ ಜನ ಕಡಿಮೆ ಇರುತ್ತಾರೆ, ಆದರೆ ತಡವಾದರೆ ಸಿಂಹಗಡ ರಸ್ತೆಯಲ್ಲಿ ಕಚೇರಿಗೆ ಹೋಗುವವರ ದಟ್ಟಣೆ. ಡಿಸೆಂಬರಿನ ಬೆಳಗು ತಣ್ಣಗಿರುತ್ತದೆ, ಶಾಲು ಮರೆಯಬೇಡ. ಕಾಲಿಗೆ ಬೂಟು ಹಾಕಿಕೋ, ಚಪ್ಪಲಿ ಬೇಡ. ತಿಂಡಿ ಒಳಗೆ ಒಯ್ಯುವುದು ಬೇಡ, ಹೊರಗೆ ಬಂದ ಮೇಲೆ ಭಾವ ಉಪ್ಪಿಟ್ಟೋ ಪೋಹೆಯೋ ಕೊಡಿಸುತ್ತಾರೆ. ಹುಲ್ಲಿನ ಮೇಲೆ ಓಡದಂತೆ ಚಿನ್ನುವಿಗೆ ಮೊದಲೇ ತಿಳಿಹೇಳಿ. ಅವನಿಗೆ ಕೊಳದ ಬಣ್ಣದ ಮೀನು ತೋರಿಸಿದರೆ ಅಲ್ಲಿಂದ ಕದಲುವುದಿಲ್ಲ.

ಎಲ್ಲವನ್ನೂ ನೋಡಲೇಬೇಕೆಂದಿಲ್ಲ. ಒಂದು ಸೇತುವೆ, ಒಂದು ಬೆಂಚು ಸಾಕು. ಕಾಲು ನೋಯುವ ಮೊದಲೇ ಕುಳಿತುಕೋ ಅವ್ವ, ನೊಂದ ಮೇಲೆ ಅಲ್ಲ.

ಆ ದಿನ ನಾನು ಅರ್ಧ ದಿನದ ರಜೆ ಹಾಕಿದ್ದೇನೆ. ನಿಮಗಿಂತ ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದಿದೆ. ನಿಮಗೆ ಏಳು ಗಂಟೆಯಾದಾಗ ನನಗೆ ಹತ್ತೂವರೆ. ಆ ಹೊತ್ತಿಗೆ ನೀವು ಅಲ್ಲಿಯ ಕೊಳದ ಹತ್ತಿರ ಕುಳಿತಿರಿ, ನಾನು ಇಲ್ಲಿಯ ಕೊಳದ ಹತ್ತಿರ ಕುಳಿತಿರುತ್ತೇನೆ. ಅಕ್ಕನ ಮೊಬೈಲಿಗೆ ನಾನೇ ಕರೆ ಮಾಡುತ್ತೇನೆ. ಮೊದಲು ನನ್ನ ಮುಖ ತೋರಿಸುವುದಿಲ್ಲ, ನೀರನ್ನು ತೋರಿಸುತ್ತೇನೆ. ನೀವೂ ಹಾಗೆಯೇ ಮಾಡಿ.

ಇಂತಿ ನಿಮ್ಮ ಪ್ರೀತಿಯ ಮಗಳು