ಸ್ಟೇಜು ಬಿಡಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. "ಇನ್ಮುಂದೆ ರೆಕಾರ್ಡಿಂಗಿಗೆ ಮಾತ್ರ ಹಾಡ್ತೀನಿ ದೊಡ್ಡಮ್ಮ, ನನ್ನ ದಪ್ಪ ಮೈ ನೋಡಿದ ಮೇಲೆ ಜನ ಹಾಡು ಕೇಳಲ್ಲ" ಅಂತ ಬರೆದಿದ್ದೀಯಲ್ಲ. ಯಾರಾದರೂ ಹಾಗೆ ಅಂದರಾ, ಇಲ್ಲಾ ನೀನೇ ಅಂದುಕೊಂಡೆಯಾ?

ಹಳೇ ಜಾಝ್ ಗಾಯಕಿ ಮಿಲ್ಡ್ರೆಡ್ ಬೈಲಿ ಹಾಡು ನಿನಗೂ ಇಷ್ಟ ಅಲ್ವಾ? 1929ರಲ್ಲಿ ಪಾಲ್ ವೈಟ್‌ಮನ್ ಅವಳನ್ನು ತನ್ನ ಡ್ಯಾನ್ಸ್ ಬ್ಯಾಂಡಿಗೆ ಸೇರಿಸಿಕೊಂಡ. ಅಮೆರಿಕದ ದೊಡ್ಡ ಬ್ಯಾಂಡಿನಲ್ಲಿ ಖಾಯಂ ಆಗಿ ಹಾಡಿದ ಮೊದಲ ಹೆಂಗಸು ಅಂತ ಅವಳನ್ನೇ ಹೇಳುತ್ತಾರೆ. ಮೈ ದಪ್ಪ, ದನಿ ಮಾತ್ರ ಚಿಕ್ಕ ಹುಡುಗಿಯದು. 1925ಕ್ಕೆ ಮುಂಚೆ ರೆಕಾರ್ಡಿಂಗ್ ಅಂದರೆ ತಗಡಿನ ಕಹಳೆಯೊಳಗೆ ಗಟ್ಟಿಯಾಗಿ ಹಾಡಬೇಕಿತ್ತು, ಅಲ್ಲಿ ಅಂಥ ತೆಳು ದನಿ ಎಲ್ಲಿ ನಿಲ್ಲುತ್ತಿತ್ತು! ಮೈಕು ಬಂತು, ರೇಡಿಯೋ ಬಂತು, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡಬಹುದಾಯಿತು. ರೇಡಿಯೋದಲ್ಲಿ ಮೈ ಯಾರಿಗೂ ಕಾಣಲ್ಲ. ಅಷ್ಟಕ್ಕೇ ಅವಳ ಕೊರಗು ಹೋಯಿತಾ? ಇಲ್ಲ ಕಣೇ. ಮೈ ಬಗ್ಗೆ ಕೊನೆತನಕ ನೊಂದುಕೊಂಡಳಂತೆ. ಸಕ್ಕರೆ ಕಾಯಿಲೆಯೂ ಇತ್ತು, 1951ರಲ್ಲಿ ತೀರಿಕೊಂಡಳು.

ರೇಡಿಯೋದಲ್ಲಿ ಭಾವಗೀತೆ ಹಾಡುವಾಗ ನನಗೂ ಅದೇ ನೆಮ್ಮದಿ ಇತ್ತು. ಸ್ಟುಡಿಯೋ ಬಾಗಿಲು ಮುಚ್ಚಿ ಕೆಂಪು ದೀಪ ಹತ್ತಿದರೆ ಸಾಕು, ಸೆರಗು ಎಳೆದು ಹೊದ್ದುಕೊಳ್ಳೋದನ್ನೂ ಮರೆತು ಹಾಡುತ್ತಿದ್ದೆ. ಗಣಪತಿ ಪೆಂಡಾಲಿಗೆ ಕರೆಯೋಕೆ ಬಂದವರನ್ನು ಮಾತ್ರ ಗಂಟಲು ಸರಿಯಿಲ್ಲ ಅಂತ ವಾಪಸು ಕಳಿಸುತ್ತಿದ್ದೆ. ಗಂಟಲು ಚೆನ್ನಾಗಿಯೇ ಇತ್ತು. ಬರಬರುತ್ತಾ ಕರೆಯೋದನ್ನೇ ಬಿಟ್ಟರು. ಅದು ಈಗಲೂ ಚುಚ್ಚುತ್ತೆ, ಅದಕ್ಕೇ ನಿನ್ನ ಸಾಲು ಓದಿ ಕೈಕಾಲು ಆಡಲಿಲ್ಲ.

ಹೆಸರಾಂತ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಕಥೆ ಪೂರ್ತಿ ಕೇಳಿದ್ದೀಯಾ? 1934ರಲ್ಲಿ ನ್ಯೂಯಾರ್ಕಿನ ಅಪೋಲೋ ಥಿಯೇಟರಿನ ಸ್ಪರ್ಧೆಗೆ ಬಂದಿದ್ದು ಕುಣಿಯೋಕೆ. ಅವಳಿಗಿಂತ ಮುಂಚೆ ಕುಣಿದವರನ್ನು ನೋಡಿ ಎದೆಯೊಡೆದು, ಹಾಡಿಬಿಟ್ಟಳು. ಗೆದ್ದಳು. ಆದರೂ ಬ್ಯಾಂಡಿನ ಯಜಮಾನ ಚಿಕ್ ವೆಬ್ ಅವಳ ಬಟ್ಟೆಬರೆ, ರೂಪ ನೋಡಿ ಸೇರಿಸಿಕೊಳ್ಳೋಕೆ ಹಿಂದೆಮುಂದೆ ನೋಡಿದ. ಪುಟ್ಟಿ, ಎಲಾ ತರದವಳನ್ನೇ ಹಾಗೆ ನೋಡಿದರು! 1935ರಲ್ಲಿ ಸೇರಿದಳು. 1939ರಲ್ಲಿ ವೆಬ್ ತೀರಿಕೊಂಡ ಮೇಲೆ ಅದೇ ಬ್ಯಾಂಡು ಅವಳ ಹೆಸರಲ್ಲೇ ನಡೆಯಿತು. ಜನ ಮೈ ನೋಡಲ್ಲ ಅಂತ ನಾನು ಸುಳ್ಳು ಹೇಳಲ್ಲ, ನೋಡುತ್ತಾರೆ. ನೋಡಿದ ಮೇಲೂ ಕೇಳುತ್ತಾರೆ.

ಇನ್ನೇನು ಹೇಳಲಿ? ತೆಳ್ಳಗಾಗಬೇಕು ಅಂತ ಊಟ ಬಿಟ್ಟು ಹಾಡೋಕೆ ಹೋಗಬೇಡ, ತಲೆ ಸುತ್ತುತ್ತೆ. ಉಸಿರು ಬಿಗಿಯೋ ಬಟ್ಟೆ ಬೇಡ. ಹಾಡುಗಳ ನಡುವೆ ಕೂರಬೇಕು ಅನ್ನಿಸಿದರೆ ಕುರ್ಚಿ ಕೇಳು, ಆಗಿನ ಬ್ಯಾಂಡುಗಳಲ್ಲಿ ತಮ್ಮ ಸರದಿ ಬರೋತನಕ ಗಾಯಕಿಯರು ಸ್ಟೇಜಿನ ಮೇಲೆ ಕುರ್ಚಿಯಲ್ಲೇ ಕೂತಿರುತ್ತಿದ್ದರು. ಇದೆಲ್ಲ ನಿನಗೆ ನನಗಿಂತ ಜಾಸ್ತಿ ಗೊತ್ತು, ಸುಮ್ನೆ ಬರೆದೆ.

ಶನಿವಾರದ ಕಾರ್ಯಕ್ರಮ ಬೇಡ ಅಂತ ಇನ್ನೂ ಹೇಳಿಲ್ಲ ತಾನೆ? ಹೇಳಿದ್ದರೆ ಇವತ್ತೇ ಫೋನ್ ಮಾಡಿ ಬರ್ತೀನಿ ಅನ್ನು. ನಾನೂ ಬರುತ್ತಿದ್ದೇನೆ, ಬಸ್ ಟಿಕೆಟ್ ಮಾಡಿಸೋಕೆ ನಿನ್ನ ದೊಡ್ಡಪ್ಪನಿಗೆ ಹೇಳಿಯಾಯಿತು.

ನಿನ್ನ ದೊಡ್ಡಮ್ಮ