ಮೊದಲು ಹುಲ್ಲು, ಆಮೇಲೆ ಹಸು: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಪುಷ್ಯ ಮಳೆ ಹಗಲು ರಾತ್ರಿ ಎನ್ನದೆ ಸುರಿಯುತ್ತಿದೆ. ನಾಲ್ಕು ದಿನದಿಂದ ಕರೆಂಟಿಲ್ಲದ ಕಾರಣ ಫೋನಿನಲ್ಲಿ ಹೇಳಬೇಕಾದುದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಹತ್ತು ಹಸು ಕಟ್ಟುತ್ತೇನೆ ಎಂದು ನೀನು ಹೇಳಿದ ದಿನದಿಂದ ನಿನ್ನ ಅಪ್ಪ ಮಾತು ಕಡಿಮೆ ಮಾಡಿದ್ದಾರೆ. ಅದನ್ನು ಕೋಪವೆಂದು ತಿಳಿಯಬೇಡ. ಸಂತೋಷಪಡಬೇಕೋ ಹೆದರಬೇಕೋ ಎಂಬುದು ಅವರಿಗೆ ಇನ್ನೂ ತೀರ್ಮಾನವಾಗಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಿಲ್ಲ.

ನೀನು ಕಳುಹಿಸಿದ ಲೆಕ್ಕದ ಹಾಳೆಯನ್ನು ಮೂರು ಸಲ ಓದಿದೆ. ಹಸುವಿನ ಬೆಲೆ, ಕೊಟ್ಟಿಗೆಯ ಶೀಟು, ಹಾಲು ಕರೆಯುವ ಮಿಷಿನ್ನು, ಬ್ಯಾಂಕಿನ ಸಾಲ, ವಿಮೆ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿದ್ದೀಯೆ, ಆದರೆ ಹುಲ್ಲಿಗೆ ಮಾತ್ರ ಒಂದೇ ಒಂದು ಸಾಲು ಇದೆ. ಇಪ್ಪತ್ತೆಂಟು ವರ್ಷ ಈ ಕೊಟ್ಟಿಗೆಯಲ್ಲಿ ಕಳೆದ ನನಗೆ ಆ ಹಾಳೆಯಲ್ಲಿ ಕಂಡ ಕೊರತೆ ಅದೊಂದೇ, ಮತ್ತು ಅದು ಸಣ್ಣ ಕೊರತೆಯಲ್ಲ. ಹಸುವನ್ನು ಒಂದು ದಿನದಲ್ಲಿ ಕೊಂಡು ತರಬಹುದು, ಹುಲ್ಲನ್ನು ತರಲಾಗುವುದಿಲ್ಲ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಿನ್ನ ಅಜ್ಜಿಯ ಕೊಟ್ಟಿಗೆಯಲ್ಲಿ ಹದಿನೇಳು ದನಗಳಿದ್ದವು, ಎಲ್ಲವೂ ಮಲೆನಾಡು ಗಿಡ್ಡಗಳೇ. ಬೆನ್ನು ನನ್ನ ಸೊಂಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಬೆಳಿಗ್ಗೆ ಕರೆದರೆ ಒಂದು ಲೀಟರು, ಮನಸ್ಸಿದ್ದರೆ ಒಂದೂವರೆ. ಕಣ್ಣಿ ಬಿಚ್ಚಿದರೆ ತಾವಾಗಿಯೇ ಗುಡ್ಡದ ಬಾಣೆಗೆ ಹೋಗಿ, ಮುಸ್ಸಂಜೆಗೆ ತಾವಾಗಿಯೇ ಬಂದು ತಮ್ಮ ತಮ್ಮ ಗೂಟದ ಬಳಿ ನಿಲ್ಲುತ್ತಿದ್ದವು. ಅವುಗಳಿಗೆಂದು ಹಿಂಡಿ, ಬೂಸಾ ಕೊಂಡದ್ದನ್ನು ನಾನು ನೋಡಿಲ್ಲ. ಮನೆಯ ಕಲಗಚ್ಚು, ಗದ್ದೆಯ ಒಣಹುಲ್ಲು ಸಾಕಾಗುತ್ತಿತ್ತು. ಕಾಲುಬಾಯಿ ಜ್ವರ ಊರಿಗೆಲ್ಲ ಬಂದಾಗಲೂ ಅವು ಎರಡು ದಿನ ಮಂಕಾಗಿದ್ದು ಮತ್ತೆ ಮೇಯಲು ಹೊರಟದ್ದು ನನ್ನ ಕಣ್ಣ ಮುಂದಿದೆ. ಅಜ್ಜಿ ದನಗಳನ್ನು ಹಾಲಿಗಾಗಿ ಸಾಕಿರಲಿಲ್ಲ, ಗದ್ದೆಯ ಗೊಬ್ಬರಕ್ಕಾಗಿ ಸಾಕಿದ್ದರು. ಹಾಲು ಅದರ ಜೊತೆಗೆ ಬಂದದ್ದು.

ಅದು ಸಾಧ್ಯವಾದದ್ದು ಬಾಣೆಯಿಂದ. ನಮ್ಮ ಕೊಡಗಿನಲ್ಲಿ ಗದ್ದೆಯೊಂದಿಗೆ ಬಾಣೆ ಸೇರಿಕೊಂಡೇ ಇರುತ್ತಿತ್ತು. ದನ ಮೇಯಲು, ಕೊಟ್ಟಿಗೆಗೆ ಸೊಪ್ಪು ತರಲು, ಒಲೆಗೆ ಸೌದೆ ಕಡಿಯಲು ಎಂದು ಕಂದಾಯವಿಲ್ಲದೆ ಗದ್ದೆಯ ಒಕ್ಕಲಿಗೆ ಬಿಟ್ಟ ಗುಡ್ಡದ ಜಾಗ ಅದು. ಬಾಣೆಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಮತ್ತೆ ದನಕ್ಕೆ ಹೀಗೆ ಸುತ್ತು ಬರುತ್ತಿತ್ತು. ಆ ಸುತ್ತು ಎಲ್ಲಿ ತುಂಡಾಯಿತೆಂದು ಕೇಳಿದರೆ ನಿನ್ನ ಅಪ್ಪ ಬ್ರೆಜಿಲ್ ಎನ್ನುತ್ತಾರೆ, ಅದರಲ್ಲಿ ಸುಳ್ಳಿಲ್ಲ. 1994ರಲ್ಲಿ ಆ ದೇಶದಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋದಾಗ ಇಲ್ಲಿ ಕಾಫಿಗೆ ಯಾರೂ ಕಂಡಿರದ ಬೆಲೆ ಬಂತು. ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕೆಂಬ ಕಟ್ಟು ಸಹ ಅದೇ ವರ್ಷಗಳಲ್ಲಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನಗೆ ಬೇಕಾದವರಿಗೆ ಮಾರಬಹುದು ಎಂದಾಯಿತು. ಊರಿಗೆ ಊರೇ ಬಾಣೆಯಲ್ಲಿ ಗುಂಡಿ ತೆಗೆದು ಕಾಫಿ ನೆಟ್ಟಿತು, ನಾವೂ ನೆಟ್ಟೆವು. ನಿನ್ನನ್ನು ಓದಿಸಿದ್ದು ಆ ಕಾಫಿಯೇ, ಆದ್ದರಿಂದ ಅದನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಕಾಫಿ ಗಿಡವಿರುವ ಕಡೆ ದನ ಬಿಡುವಂತಿಲ್ಲ. ಐದಾರು ವರ್ಷಗಳಲ್ಲಿ ಹದಿನೇಳು ದನ ನಾಲ್ಕಕ್ಕೆ ಇಳಿಯಿತು. ಉಳಿದ ಪೈಸಾರಿ, ಅಂದರೆ ಸರ್ಕಾರಿ ಪಾಳು ಜಾಗದಲ್ಲಿ ಲಂಟಾನ ಪೊದೆ ಹಬ್ಬಿತು. ಹಸಿವಿನಿಂದ ಅದನ್ನು ತಿಂದ ದನದ ಲಿವರ್ ಕೆಟ್ಟು, ಬಿಸಿಲಿಗೆ ಚರ್ಮ ಸುಲಿದು ನರಳುವುದನ್ನು ನೀನೂ ಚಿಕ್ಕವಳಿದ್ದಾಗ ನೋಡಿದ್ದೀಯೆ.

ಕಟ್ಟಿ ಹಾಕಿ ಸಾಕುವ ಹಸು ಬಂದದ್ದು ಹೀಗೆ. ಹಾಲಿನ ಡೇರಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. ರಾಜ್ಯದ ಮೊಟ್ಟಮೊದಲ ಡೇರಿ 1955ರಲ್ಲಿ ಶುರುವಾದದ್ದೇ ನಮ್ಮ ಕೂಡಿಗೆಯಲ್ಲಿ. ಆದರೂ ನಮ್ಮ ಮನೆಯಂಥ ಮನೆಗಳು ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗಳನ್ನು ಕಟ್ಟಿದ್ದು ಬಾಣೆ ಹೋದ ಮೇಲೆಯೇ. ಅವು ಹೊತ್ತಿಗೆ ಐದಾರು ಲೀಟರು ಕೊಡುತ್ತವೆ, ನಿಜ. ಅಷ್ಟು ಕೊಡುವ ಹಸುವಿಗೆ ದಿನಕ್ಕೆ ಮೂವತ್ತು ಕಿಲೋ ಹಸಿಹುಲ್ಲು, ಅದರ ಜೊತೆಗೆ ಒಣಹುಲ್ಲು, ಮೇಲೆ ಅದರ ಮೈಗೆಂದು ಒಂದೂವರೆ ಕಿಲೋ ಮತ್ತು ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋದಂತೆ ಪಶು ಆಹಾರ ಬೇಕು. ನೀನು ಹೇಳುವ ಹತ್ತು ಹಸುವಿಗೆ ದಿನಕ್ಕೆ ಮುನ್ನೂರು ಕಿಲೋ ಹಸಿಹುಲ್ಲಾಯಿತು. ಆ ಹೊರೆಯನ್ನು ಮಳೆಯಲ್ಲಿ ಕುಯ್ದು, ಕಟ್ಟಿ, ತಲೆಯ ಮೇಲೆ ಹೊತ್ತು ತರುವವರು ಯಾರೆಂದು ನಿನ್ನ ಹಾಳೆಯಲ್ಲಿಲ್ಲ. ನಮ್ಮ ಹಡ್ಲಿನಲ್ಲಿ, ಅಂದರೆ ಉಳುಮೆ ಬಿಟ್ಟ ಗದ್ದೆಯಲ್ಲಿ, ಅರ್ಧ ಎಕರೆ ನೇಪಿಯರ್ ಹುಲ್ಲು ಇದೆ. ಮಳೆಗಾಲದಲ್ಲಿ ಮೂರು ಹಸುವಿಗೆ ಸಾಕಾಗಿ ಮಿಗುತ್ತದೆ, ಮಾರ್ಚ್ ತಿಂಗಳಿನಲ್ಲಿ ಒಂದಕ್ಕೂ ಸಾಲದು. ಗದ್ದೆ ಮಾಡುವವರು ಕಡಿಮೆಯಾದ ಮೇಲೆ ಒಣಹುಲ್ಲನ್ನು ಹಾಸನದ ಕಡೆಯಿಂದ ಲಾರಿಯಲ್ಲಿ ತರಿಸಬೇಕು. ಆ ದರ ಕೇಳಿದರೆ ಹಾಲಿನ ಮೇಲಿನ ಆಸೆಯೇ ಅರ್ಧ ಇಳಿಯುತ್ತದೆ.

ದಿನಚರಿ ನಿನಗೆ ಗೊತ್ತಿರುವುದೇ, ಆದರೂ ಶಾಲೆಗೆ ಹೊರಟ ಹುಡುಗಿಯ ಕಣ್ಣಿಗೆ ಬೀಳದ ಕೆಲವು ಸಂಗತಿಗಳಿವೆ. ಬೆಳಗಿನ ಐದು ಗಂಟೆಗೆ ಕೊಟ್ಟಿಗೆಗೆ ಹೋದವಳು ಮೊದಲು ನೋಡುವುದು ಹಾಲನ್ನಲ್ಲ, ಗೋದಲಿಯನ್ನು. ರಾತ್ರಿ ಹಾಕಿದ ಹುಲ್ಲು ಉಳಿದಿದ್ದರೆ ಏನೋ ಸರಿಯಿಲ್ಲ ಎಂದರ್ಥ. ಹೋದ ವಾರ ನಮ್ಮ ಹಸು ಕೆಂಪಿ ಹೀಗೆಯೇ ಹುಲ್ಲು ಬಿಟ್ಟು ನಿಂತಿತ್ತು. ಬ್ಯಾಟರಿ ಹಿಡಿದು ನೋಡಿದರೆ ಎಡಗಡೆಯ ಹೊಳ್ಳೆಯಿಂದ ಸಣ್ಣಗೆ ರಕ್ತ ಜಿನುಗುತ್ತಿತ್ತು. ತೋಡಿನ ನೀರು ಕುಡಿಯುವಾಗ ಜಿಗಣೆ ಒಳಗೆ ಹೋಗಿತ್ತು. ಮಧ್ಯಾಹ್ನದವರೆಗೆ ನೀರು ಕೊಡದೆ ಇಟ್ಟು, ಆಮೇಲೆ ತಣ್ಣೀರಿನ ಬಕೆಟನ್ನು ಮೂತಿಯ ಕೆಳಗೆ ಹಿಡಿದು ಕಾದೆ. ಸ್ವಲ್ಪ ಹೊತ್ತಿನಲ್ಲಿ ಕಪ್ಪು ದಾರದಂತೆ ಅದು ತಲೆ ಹೊರಗೆ ಚಾಚಿತು. ಒಣಬಟ್ಟೆಯಲ್ಲಿ ಹಿಡಿದು, ತುಂಡಾಗದಂತೆ ಮೆಲ್ಲನೆ ಎಳೆದೆ. ನನ್ನ ಕಿರುಬೆರಳಿನಷ್ಟು ದಪ್ಪವಿತ್ತು. ಅದು ಹೊರಗೆ ಬಂದ ಕ್ಷಣವೇ ಕೆಂಪಿ ಬಕೆಟಿನ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದು ನನ್ನ ಭುಜಕ್ಕೆ ಮೂತಿ ಒರೆಸಿತು.

ಇನ್ನೊಂದು ಸಂಗತಿಯನ್ನು ನಿನಗೆ ಇದುವರೆಗೆ ಪೂರ್ತಿಯಾಗಿ ಹೇಳಿಲ್ಲ. ನೀನು ಪಿಯುಸಿ ಪರೀಕ್ಷೆಗೆ ಓದುತ್ತಿದ್ದ ವರ್ಷ ನಮ್ಮ ಹಸು ತುಂಗೆ ಸತ್ತದ್ದು ನಿನಗೆ ನೆನಪಿರಬಹುದು. ಕರು ಹಾಕುವಾಗ ತೊಂದರೆಯಾಯಿತು ಎಂದಷ್ಟೇ ಆಗ ಹೇಳಿದ್ದೆ. ಕರು ಹಾಕುವಾಗ ಯಾವ ತೊಂದರೆಯೂ ಆಗಿರಲಿಲ್ಲ. ಸಂಜೆ ಹೆಣ್ಣು ಕರು ಹಾಕಿತು, ಗರ್ಭದ ಕಸವೂ ಬಿತ್ತು, ಕರು ಗಿಣ್ಣು ಹಾಲು ಕುಡಿಯಿತು. ರಾತ್ರಿ ಹತ್ತಕ್ಕೆ ನೋಡಿದಾಗ ತುಂಗೆ ಮಲಗಿತ್ತು, ಏಳಿಸಿದರೆ ಏಳಲಿಲ್ಲ. ಕಿವಿ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು, ಕುತ್ತಿಗೆಯನ್ನು ಮಡಚಿ ಪಕ್ಕೆಗೆ ಒರಗಿಸಿಕೊಂಡಿತ್ತು. ಹಾಲಿನ ಜ್ವರ ಎಂದು ಗೊತ್ತಾಯಿತು. ಹೆಸರು ಜ್ವರ, ಆದರೆ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ. ಕೆಚ್ಚಲಿಗೆ ಒಮ್ಮೆಲೇ ಹಾಲು ಇಳಿದಾಗ ರಕ್ತದಲ್ಲಿದ್ದ ಸುಣ್ಣದ ಅಂಶ ಅದರೊಂದಿಗೆ ಹೋಗಿಬಿಡುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಏರಿಸಿದರೆ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುವ ಕಾಯಿಲೆ ಅದು. ಆ ರಾತ್ರಿ ಗಾಳಿಗೆ ಸಿಲ್ವರ್ ಮರ ರಸ್ತೆಗೆ ಅಡ್ಡ ಬಿದ್ದು, ಡಾಕ್ಟರು ಬರುವ ಹೊತ್ತಿಗೆ ಬೆಳಗಾಗಿತ್ತು. ಅಪ್ಪ ರಾತ್ರಿಯಿಡೀ ಗೋಣಿಚೀಲದಿಂದ ಅದರ ಮೈ ಉಜ್ಜುತ್ತಿದ್ದರು.

ತಪ್ಪು ರಸ್ತೆಯದೂ ಅಲ್ಲ, ಡಾಕ್ಟರದೂ ಅಲ್ಲ. ಗಬ್ಬದ ಕೊನೆಯ ತಿಂಗಳು ಪೂರ್ತಿ ನಾನು ಅದಕ್ಕೆ ದಿನವೂ ಕ್ಯಾಲ್ಸಿಯಂ ಔಷಧಿ ಕುಡಿಸಿದ್ದೆ, ಒಳ್ಳೆಯದಾಗುತ್ತದೆ ಎಂದು. ಹೊರಗಿನಿಂದ ಬೇಕಾದಷ್ಟು ಸಿಗುತ್ತಿದ್ದರೆ ಮೂಳೆಯಿಂದ ಎಳೆದುಕೊಳ್ಳುವ ಅಭ್ಯಾಸ ಹಸುವಿನ ಮೈಗೆ ತಪ್ಪಿಹೋಗುತ್ತದೆ, ಕರು ಹಾಕಿದ ಹೊತ್ತಿಗೆ ಒಮ್ಮೆಲೇ ಬೇಕಾದಾಗ ಅದು ಎಳೆದುಕೊಳ್ಳಲಾರದು ಎಂದು ಡಾಕ್ಟರು ಮರುದಿನ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ನನಗೆ ಬಿಡಿಸಿ ಹೇಳಿದರು. ನನ್ನ ಅಕ್ಕರೆಯೇ ಅದನ್ನು ಕೊಂದಿತು. ಆ ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದೆ. ಈಗಿನ ಗೌರಿ ಅದೇ. ಅಂದಿನಿಂದ ಕ್ಯಾಲ್ಸಿಯಂ ಔಷಧಿಯನ್ನು ಕರು ಹಾಕಿದ ಮೇಲೆಯೇ ಕೊಡುತ್ತೇನೆ, ಮೊದಲೆರಡು ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡುವುದಿಲ್ಲ.

ಲಸಿಕೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಕಾಲುಬಾಯಿ ಜ್ವರಕ್ಕೆ ವರ್ಷಕ್ಕೆರಡು ಸಲ, ಗಬ್ಬ ಹೋಗುವ ಕಂದು ರೋಗಕ್ಕೆ ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದೇ ಸಲ. ಇಲಾಖೆಯವರು ಮನೆಗೇ ಬಂದು ಹಾಕುತ್ತಾರೆ, ಆ ದಿನ ಮನೆಯಲ್ಲಿರಬೇಕು ಅಷ್ಟೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯಕ್ಕೆಲ್ಲ ಹಬ್ಬಿದಾಗ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿ ನೊಣ, ಸೊಳ್ಳೆ ಓಡಿಸುತ್ತಾ ಒಂದೂವರೆ ತಿಂಗಳು ಕಳೆದೆವು. ಮೇಲಿನ ಮನೆಯವರು ಎರಡು ಕಡಸುಗಳನ್ನು ಕಳೆದುಕೊಂಡರು.

2018ರ ಆಗಸ್ಟ್ ತಿಂಗಳನ್ನು ಮಾತ್ರ ಬರೆಯದೆ ಇರಲಾರೆ, ಏಕೆಂದರೆ ಈ ಜಿಲ್ಲೆಯಲ್ಲಿ ದನ ಕಟ್ಟುವವರು ಅದನ್ನು ಮರೆತು ಕೊಟ್ಟಿಗೆ ಕಟ್ಟಬಾರದು. ಮಕ್ಕಂದೂರು, ಮುಕ್ಕೋಡ್ಲು, ಮಾದಾಪುರದ ಕಡೆ ಗುಡ್ಡಗಳು ಜಾರಿ ಬಂದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಮಾದಾಪುರದ ಕಡೆಯಿಂದ ಬಂದು ನಮ್ಮ ಮನೆಯಲ್ಲಿ ಹನ್ನೆರಡು ದಿನ ಇದ್ದ ನಿನ್ನ ಚಿಕ್ಕಮ್ಮ ಕತ್ತಿಯಿಂದ ಎಲ್ಲ ಹಗ್ಗಗಳನ್ನೂ ಕಡಿದು ಬಂದಿದ್ದಳು. ಕಡಿದ ಹಗ್ಗದ ತುಂಡೊಂದು ಅವಳ ಕೈಯಲ್ಲೇ ಉಳಿದಿತ್ತು. ಮೂರು ಹಸುಗಳಲ್ಲಿ ಎರಡು, ಒಂದು ವಾರದ ನಂತರ ಕಾಡಿನಂಚಿನಲ್ಲಿ ಸಿಕ್ಕವು. ನೀನು ಹೊಸ ಕೊಟ್ಟಿಗೆಯನ್ನು ಮನೆಯ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಕಡಿದು ಕಟ್ಟುವೆನೆಂದು ಬರೆದಿದ್ದೀಯೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಬರೆ ಕಡಿಯಬೇಡ, ಕಣದ ಪಕ್ಕದ ಸಮತಟ್ಟಿನಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಹಸು ಸಾಕು.

ಮನೆಗಳು ಕಡಿಮೆಯಾದದ್ದು ಇನ್ನೊಂದು ಕಷ್ಟ. ಮೊದಲು ನಮ್ಮಲ್ಲಿ ಸಾವು, ಮದುವೆ ಎಂದರೆ ಪಕ್ಕದ ಮನೆಯವರು ಬಂದು ಹಾಲು ಕರೆದು ಹೋಗುತ್ತಿದ್ದರು. ಈಗ ಈ ಸಾಲಿನಲ್ಲಿ ಹಸು ಇರುವ ಮನೆ ಮೂರೇ. ಶನಿವಾರಸಂತೆಯಲ್ಲಿ ನಿನ್ನ ಸೋದರಮಾವನ ಮಗನ ಮದುವೆಗೆ ನಾನು ಧಾರೆ ಮುಗಿದ ಕೂಡಲೇ ಊಟ ಬಿಟ್ಟು ಬಂದೆ, ಸಂಜೆಯ ಹಾಲು ಕಾಯುವುದಿಲ್ಲವಲ್ಲ. ತೋಟದಲ್ಲಿ ಆನೆ ಇದೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಬಂದ ದಿನ ಅಪ್ಪ ಕ್ಯಾನನ್ನು ಹೆಗಲಿಗೇರಿಸಿ ಎರಡು ಕಿಲೋಮೀಟರು ಬಳಸಿ ಹಾಲಿನ ಸೊಸೈಟಿಗೆ ಹೋಗುತ್ತಾರೆ. ತಡವಾದರೆ ಹಾಲಿನ ವ್ಯಾನು ಹೊರಟುಬಿಡುತ್ತದೆ. ಮಳೆಗಾಲದ ಎಳೆಹುಲ್ಲಿನಲ್ಲಿ ನೀರೇ ಹೆಚ್ಚು, ನಾರು ಕಡಿಮೆಯಾದ್ದರಿಂದ ಹಾಲಿನ ಫ್ಯಾಟು ಇಳಿದು ಬಟವಾಡೆಯೂ ಇಳಿಯುತ್ತದೆ. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ ಸೇರಿದರೆ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ, ಅದು ತಡವಾಗಿ ಬಂದ ತಿಂಗಳು ಹಿಂಡಿಯ ಅಂಗಡಿಯಲ್ಲಿ ಸಾಲ ನಿಲ್ಲುತ್ತದೆ.

ಹಾಗಾದರೆ ಏಕೆ ಕಟ್ಟಿಕೊಂಡಿದ್ದೀರಿ ಎಂದು ನೀನು ಕೇಳಬಹುದು. ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ಕೆಲವು ವರ್ಷ ಬರುವುದೂ ಇಲ್ಲ. ಹಾಲಿನ ಹಣ ಮನೆಯ ಅಕ್ಕಿ, ಎಣ್ಣೆ, ಔಷಧಿಗೆ ತಪ್ಪದೆ ಬರುತ್ತದೆ, ಅದೂ ನನ್ನ ಹೆಸರಿನ ಪಾಸ್‌ಬುಕ್ಕಿಗೆ. ನಮ್ಮ ಮೆಣಸಿನ ಬಳ್ಳಿಗಳು ಪಕ್ಕದ ತೋಟಕ್ಕಿಂತ ಹಸಿರಾಗಿರುವುದು ಕೊಟ್ಟಿಗೆ ಗೊಬ್ಬರದಿಂದ. ಇದೆಲ್ಲ ಲೆಕ್ಕಕ್ಕೆ ಸಿಗುವ ಉತ್ತರ. ಸಂಜೆ ಕರೆಯಲು ಕುಳಿತು ಹಣೆಯನ್ನು ಗೌರಿಯ ಹೊಟ್ಟೆಗೆ ಒರಗಿಸಿದಾಗ, ಒಳಗಿನ ಕರು ಒದೆಯುವುದು ನನ್ನ ಹಣೆಗೆ ತಾಗುತ್ತದೆ. ಅದಕ್ಕೆ ಲೆಕ್ಕ ನನಗೆ ಬರೆಯಲು ಬರುವುದಿಲ್ಲ.

ಆದ್ದರಿಂದ ಕೆಲಸಕ್ಕೆ ಈಗಲೇ ರಾಜೀನಾಮೆ ಕೊಡಬೇಡ. ಸಾಲವನ್ನೂ ತೆಗೆಯಬೇಡ. ಕೆಳಗಿನ ಹಡ್ಲಿನ ಇನ್ನೂ ಮುಕ್ಕಾಲು ಎಕರೆಯಲ್ಲಿ ಈ ಮಳೆಯಲ್ಲೇ ನೇಪಿಯರ್ ತುಂಡು ನೆಡಿಸಲು ಅಪ್ಪ ಒಪ್ಪಿದ್ದಾರೆ. ಎರಡೂವರೆ ತಿಂಗಳಿಗೆ ಮೊದಲ ಕುಯಿಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಬರುವ ಮಾರ್ಚ್‌ವರೆಗೆ ಅದು ಎಷ್ಟು ಹಸುವಿನ ಹೊಟ್ಟೆ ತುಂಬಿಸುತ್ತದೆ ಎಂದು ನೋಡಿ, ಅಷ್ಟೇ ಹಸುವಿನ ಲೆಕ್ಕ ಬರೆ. ಅದು ನಾಲ್ಕಾದರೆ ನಾಲ್ಕು. ಹತ್ತು ಎಂದು ಮೊದಲೇ ಹಟ ಹಿಡಿಯಬೇಡ.

ಗೌರಿಗೆ ಗಬ್ಬದ ಇಂಜೆಕ್ಷನ್ ಕೊಡಿಸಿದ್ದು ಜನವರಿ 10ರಂದು. 280 ದಿನ ಎಣಿಸಿದರೆ ಅಕ್ಟೋಬರ್ 17ಕ್ಕೆ, ತುಲಾ ಸಂಕ್ರಮಣದ ಹೊತ್ತಿಗೆ ದಿನ ತುಂಬುತ್ತದೆ. ಆಗಸ್ಟ್ ಮೂರನೆಯ ವಾರದಿಂದ ಹಾಲು ಬತ್ತಿಸುತ್ತೇನೆ. ಅಕ್ಟೋಬರ್ ಹತ್ತರಿಂದ ಎರಡು ವಾರ ರಜೆ ಹಾಕಿ ಬಾ. ರಾತ್ರಿ ಕೊಟ್ಟಿಗೆ ನೋಡುವ ಸರದಿ ನಿನ್ನದು, ನಾನು ಮಲಗುತ್ತೇನೆ. ಬರುವಾಗ ಒಳ್ಳೆಯ ಬ್ಯಾಟರಿಯೊಂದನ್ನು ತೆಗೆದುಕೊಂಡು ಬಾ, ಇಲ್ಲಿಯದರ ಬೆಳಕು ಹಳದಿಯಾಗಿ ರಕ್ತದ ಬಣ್ಣವೇ ಸರಿಯಾಗಿ ಕಾಣುವುದಿಲ್ಲ.

ಇಂತು,
ನಿನ್ನ ಅಮ್ಮ